ಗುತ್ತಿಗೆದಾರರ ಗಾಡಿಯಲ್ಲಿ ಸಲಕರಣೆಗಳ ಜೋಡಣೆ ಹೇಗಿರಬೇಕು?

ಗಡಿನಾಡಿನಲ್ಲಿ ನಮ್ಮ ಅನೇಕ ಕುಟುಂಬಗಳು ಕಟ್ಟಡ ಕೆಲಸವನ್ನು ನಂಬಿ ಬದುಕುತ್ತಿವೆ. ಗುತ್ತಿಗೆದಾರರ ಪಿಕಪ್ ಗಾಡಿಯಲ್ಲಿ ಸಾಮಾನು ಚೆಲ್ಲಾಪಿಲ್ಲಿಯಾಗಿದ್ದರೆ ನಷ್ಟವಾಗುವುದು ಸಮಯ ಮಾತ್ರವಲ್ಲ; ಜೀವಕ್ಕೂ ಅಪಾಯವುಂಟು.

ಭಾರದ ಯಂತ್ರಗಳನ್ನು ತಳದಲ್ಲಿ, ಕ್ಯಾಬಿನ್ನಿಗೆ ಒತ್ತಿ ಇರಿಸಿ ಹಗ್ಗದಿಂದ ಬಿಗಿಯಬೇಕು. ಇಲ್ಲವಾದರೆ ಬ್ರೇಕ್ ಹಾಕಿದೊಡನೆ ಅವು ಮುನ್ನುಗ್ಗುತ್ತವೆ. 50 ಕಿಲೋ ತೂಕದ ಸಿಮೆಂಟ್ ಚೀಲಗಳನ್ನು ಹಲಗೆಯ ಮೇಲಿಟ್ಟು ಟಾರ್ಪಾಲಿನಿಂದ ಮುಚ್ಚಬೇಕು. ತೇವ ತಗಲಿದ ಸಿಮೆಂಟು ಗಂಟುಕಟ್ಟಿ ಬಲಗುಂದುತ್ತದೆ. ಥಿನ್ನರ್ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಅದರ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ವೆಲ್ಡಿಂಗ್ ಸಾಧನಗಳಿಂದ ದೂರವಿಡಬೇಕು. ದಿನವೂ ಬೇಕಾಗುವ ಕರಣೆ, ರಸಮಟ್ಟಗಳು ಹಿಂಬದಿಯಲ್ಲಿ ಕೈಗೆಟಕುವಂತಿರಲಿ.

ಮೊಳೆ, ಸ್ಕ್ರೂಗಳ ಡಬ್ಬಿಗಳ ಮೇಲೆ ಕನ್ನಡದಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಹೆಸರು ಬರೆದಿರಲಿ. ಆಗ ಎಲ್ಲ ಕೆಲಸಗಾರರೂ ಓದಿ, ತೆಗೆದದ್ದನ್ನು ಅದೇ ಸ್ಥಳದಲ್ಲಿ ಮರಳಿ ಇಡಬಲ್ಲರು. ಆ ಹೆಸರುಗಳನ್ನು ನಮ್ಮ ಶಾಲೆಗಳ ಮಕ್ಕಳೇ ಬರೆದುಕೊಡಬಹುದು.