ಲೇಬಲ್ ಮುಚ್ಚಿಟ್ಟರೆ ಎಷ್ಟು ಅಂಕ?

ವೈನ್ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಕೆಲಸದ ಹೊತ್ತಿನಲ್ಲಿ ವೈನ್ ಕುಡಿಯುವುದಿಲ್ಲ. ಬಾಯಿಗೆ ಹಾಕಿಕೊಂಡು, ನಾಲಗೆಯ ಸುತ್ತ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಸ್ಪರ್ಧೆಗಳಲ್ಲಿ ದಿನಕ್ಕೆ ಹತ್ತಾರು ಮಾದರಿ ನೋಡಬೇಕಾದವರು ನುಂಗುತ್ತ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವೂ ಅಮೃತವಾಗಿಬಿಟ್ಟೀತು.

ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಿಗೆ ಸುಮಾರು 50 ಮಿಲಿ ಸುರಿದು, ಬಿಳಿ ಹಾಳೆಯ ಮುಂದೆ ಓರೆಯಾಗಿ ಹಿಡಿದು ಮೊದಲು ಬಣ್ಣ ನೋಡುತ್ತಾರೆ. ಕೆಂಪು ವೈನ್ ಹಳೆಯದಾದಂತೆ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಿಳಿಯದು ಹೊನ್ನಿನ ಬಣ್ಣಕ್ಕೆ. ಆಮೇಲೆ ಗ್ಲಾಸನ್ನು ಗಿರಕಿ ಹೊಡೆಸಿ ಮೂಸುವುದು. ಕಸುಬಿನ ಮುಕ್ಕಾಲು ಪಾಲು ಇಲ್ಲೇ ಇದೆ. ನಾಲಗೆಗೆ ಗೊತ್ತಾಗುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿಗಳು. ಹಣ್ಣು, ಹೂವು, ಹೊಗೆ, ಚರ್ಮ ಎಂದು ಬರೆಸುವುದೆಲ್ಲ ಮೂಗು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ, ಬಾಟಲಿ ಪಕ್ಕಕ್ಕೆ. ಬಾಯಿಗೆ ಹಾಕಿಕೊಂಡ ಮೇಲೆ ಹುಳಿ, ಮದ್ಯದ ಬಿಸಿ, ಒಸಡು ಹಿಡಿಯುವ ಒಗರು ಇವು ಒಂದಕ್ಕೊಂದು ಹೊಂದುತ್ತವೆಯೇ ನೋಡಬೇಕು. ಉಗುಳಿದ ಮೇಲೂ ರುಚಿ ಬಾಯಲ್ಲಿ ಉಳಿದರೆ ಒಳ್ಳೆಯ ವೈನ್.

ಇಷ್ಟನ್ನೆಲ್ಲ ಒಂದು ಅಂಕಿಗೆ ಇಳಿಸುವ ಆಸೆ ಹಳೆಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಬಣ್ಣಕ್ಕಿಷ್ಟು, ಘಮಕ್ಕಿಷ್ಟು, ಒಗರಿಗಿಷ್ಟು ಎಂದು 20 ಅಂಕಗಳ ಪಟ್ಟಿ ಮಾಡಿದರು. 1978ರಲ್ಲಿ ರಾಬರ್ಟ್ ಪಾರ್ಕರ್ ಎಂಬ ಅಮೆರಿಕದ ವಕೀಲರು ತಮ್ಮದೇ ಪತ್ರಿಕೆ ಶುರುಮಾಡಿ 100 ಅಂಕಗಳ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅದು ಆರಂಭವಾಗುವುದೇ 50ರಿಂದ. ನಮ್ಮ ಇಂಟರ್ನಲ್ ಮಾರ್ಕ್ಸಿನ ಹಾಗೆ, ಹಾಜರಾದವರಿಗೆಲ್ಲ ಅರ್ಧ ಖಾತ್ರಿ.

ಅಂಕಗಳ ಇತಿಹಾಸದಲ್ಲಿ ಮರೆಯಲಾಗದ ದಿನ 1976ರ ಮೇ 24. ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲಿಷ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಒಂಬತ್ತು ಮಂದಿ ಫ್ರೆಂಚ್ ಪರಿಣತರನ್ನು ಕೂರಿಸಿ, ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನುಗಳನ್ನು ಹೆಸರು ಮುಚ್ಚಿ ಕೊಟ್ಟರು. ಒಬ್ಬರು ಗುಟುಕು ಹೀರಿ, ಸದ್ಯ ಫ್ರಾನ್ಸಿಗೆ ಮರಳಿದೆವಲ್ಲ ಎಂದು ಉದ್ಗರಿಸಿದರು. ಅವರ ಕೈಲಿದ್ದದ್ದು ನಾಪಾ ಕಣಿವೆಯ ವೈನ್. ಕೊನೆಗೆ ಬಿಳಿಯಲ್ಲಿ ಶಾತೋ ಮಾಂಟೆಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್, ಎರಡೂ ಕ್ಯಾಲಿಫೋರ್ನಿಯಾದವು, ಮೊದಲು ಬಂದವು. ತೀರ್ಪುಗಾರರಲ್ಲಿ ಒಬ್ಬರಂತೂ ತಮ್ಮ ಅಂಕಪಟ್ಟಿ ವಾಪಸು ಕೇಳಿದರಂತೆ. ಅಲ್ಲಿದ್ದ ಏಕೈಕ ಪತ್ರಕರ್ತ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್ ಬರೆಯದಿದ್ದರೆ ಸುದ್ದಿ ಆ ಕೋಣೆಯಲ್ಲೇ ಉಳಿಯುತ್ತಿತ್ತೇನೋ.

ಪರಿಣತರ ಅಂಕವೂ ಕಲ್ಲಿನ ಮೇಲೆ ಕೊರೆದದ್ದಲ್ಲ. ರಾಬರ್ಟ್ ಹಾಡ್ಜ್‌ಸನ್ ಎಂಬವರು ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ಅದೇ ತೀರ್ಪುಗಾರರಿಗೆ ಮೂರು ಸಲ ಗುಟ್ಟಾಗಿ ಕೊಡಿಸಿ ನೋಡಿದರು. ಅಂಕಗಳು ನಾಲ್ಕರಷ್ಟು ಹಿಂದೆ ಮುಂದೆ ಓಲಾಡಿದವು. ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ತಮ್ಮ ಮಾತಿಗೆ ನಿಂತರು.

ಈ ಎಚ್ಚರಿಕೆಯನ್ನು ಇಟ್ಟುಕೊಂಡೇ 20ಕ್ಕೆ ನನ್ನ ಅಂಕಗಳನ್ನು ಹೇಳುತ್ತೇನೆ. ಜರ್ಮನಿಯ ಮೋಸೆಲ್ ನದಿಯ ದಡದ ರೀಸ್ಲಿಂಗ್, ಅದರಲ್ಲೂ ಕಾಬಿನೆಟ್ ಎಂದು ಬರೆದದ್ದು, 18. ನಿಂತರೆ ಜಾರುವಷ್ಟು ಕಡಿದಾದ ಸ್ಲೇಟ್ ಕಲ್ಲಿನ ಇಳಿಜಾರುಗಳಲ್ಲಿ ಬೆಳೆದ ದ್ರಾಕ್ಷಿ. ಮದ್ಯಾಂಶ ಹೆಚ್ಚಾಗಿ ಶೇ 8–9ರ ಆಸುಪಾಸು. ಸಿಹಿ ಇದೆ, ಅದರ ಬೆನ್ನಿಗೇ ಚುರುಕು ಹುಳಿ. ಖಾರದ ಊಟದ ಜೊತೆ ನಿಲ್ಲುವ ವೈನ್ ಯಾವುದು ಎಂದು ಕೇಳಿದವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಸ್ಪೇನಿನ ರಿಯೋಹಾ ರಿಸರ್ವಾಗೆ 17. ಕನಿಷ್ಠ ಮೂರು ವರ್ಷ, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ ಮೇಲೇ ಮಾರಬೇಕೆಂಬುದು ಅಲ್ಲಿನ ನಿಯಮ. ಅಮೆರಿಕದ ಓಕ್ ಬಳಸಿದಲ್ಲಿ ವೆನಿಲ್ಲಾ, ಕೊಬ್ಬರಿಯ ಘಮ ಏಳುತ್ತದೆ. ಅರ್ಜೆಂಟೀನಾದ ಮೆಂಡೋಸಾ ಮಾಲ್ಬೆಕ್ 15: ಗಾಢ ಬಣ್ಣ, ದಪ್ಪ ಹಣ್ಣು, ಎರಡನೇ ಗ್ಲಾಸಿಗೆ ನನಗೆ ಸಾಕೆನಿಸುತ್ತದೆ.

ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿಯ ಲಾ ರಿಸರ್ವ್‌ಗೆ 16. ಊರಿನ ಅಭಿಮಾನಕ್ಕೆ ಕೊಟ್ಟ ಅಂಕವಲ್ಲ. ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರ ಸಲಹೆಯೊಂದಿಗೆ 1988ರಲ್ಲಿ ಕಟ್ಟಿದ ಸಂಸ್ಥೆ ಇದು. ಬೋರ್ಡೋದ ಮಿಶೆಲ್ ರೋಲಾಂ ಕೂಡ ಮುಂದೆ ಸಲಹೆಗಾರರಾದರು. ಯುರೋಪಿನಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಆ ವಿಶ್ರಾಂತಿಯೇ ಇಲ್ಲದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಅಂದರೆ ಬಳ್ಳಿ ಸವರಿ, ಒಂದೇ ಕೊಯ್ಲು ತೆಗೆಯುತ್ತಾರೆ. ಅಂಥ ಬಳ್ಳಿಯ ಕ್ಯಾಬರ್ನೆ ಸೊವಿನ್ಯಾನ್ ಮತ್ತು ಶಿರಾಜ್ ಸೇರಿಸಿ ಮಾಡಿದ ಈ ವೈನಿನಲ್ಲಿ ಮೆಣಸಿನ ಘಾಟು, ಹದವಾದ ಒಗರು ಇದೆ. ಇದೇ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರಿಂದ ಬರುವ ಸಿಹಿ ವೈನನ್ನು ಈ ಸಾಲಿನಲ್ಲಿ ಇಟ್ಟು ಅಳೆಯುವುದು ನ್ಯಾಯವಲ್ಲ, ಅದರ ಜಾತಿಯೇ ಬೇರೆ.

ನನ್ನ ಅಂಕಗಳನ್ನು ನಂಬಬೇಕಿಲ್ಲ. ವೈನ್ ಕುಡಿಯುವ ಅಭ್ಯಾಸವಿರುವವರು ಬೇರೆ ಬೇರೆ ಸೀಮೆಯ ಎರಡು ಬಾಟಲಿ ತಂದು, ಹಳೆ ಪೇಪರ್ ಸುತ್ತಿ, ಸ್ನೇಹಿತರ ಮುಂದಿಡಿ. ಮಾತಾಡುವ ಮೊದಲು ಎಲ್ಲರೂ ಅಂಕವನ್ನೂ ಕಾರಣವನ್ನೂ ಬರೆದಿಡಲಿ. ಆಮೇಲೆ ಪೇಪರ್ ಬಿಚ್ಚಿ.