ಸರ್ವರ್ ಇಲ್ಲ, ನಾಳೆ ಬನ್ನಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಒಂದು ಸಂಜೆ ತಡವಾಗಿ ಬಂದರು. ಮುಖ ಬಾಡಿತ್ತು. ಪಹಣಿ ತರಲು ಹೋಗಿದ್ದರಂತೆ. ಬೆಳೆ ಸಾಲಕ್ಕೆ ಬ್ಯಾಂಕಿನವರು ಪಹಣಿ ಕೇಳಿದ್ದರು.

"ನಿನ್ನೆ ಹೋದೆ, ಸರ್ವರ್ ಇಲ್ಲ ಅಂದರು. ಇವತ್ತು ಹೋದೆ, ಇವತ್ತೂ ಅದೇ ಮಾತು. ಬಸ್ಸಿಗೇನೋ ದುಡ್ಡು ಕೊಡೋದು ಬೇಡ, ಸರಿ. ಎರಡು ದಿನದ ಕೂಲಿ ಯಾರು ಕೊಡ್ತಾರೆ? ಟೀಚರ್, ಆ ಸರ್ವರ್ ಅನ್ನೋನು ಯಾರು? ಯಾವಾಗ ಬರ್ತಾನೆ?"

ಕೆಲವರು ನಕ್ಕರು. ನಾವು ನಗಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಈ ಮಾತನ್ನು ಎಲ್ಲರೂ ಕೇಳಿದ್ದೇವೆ. ಅರ್ಥ ಏನು ಅಂತ ಕೇಳಿದವರು ಕಡಿಮೆ.

ಸರ್ವರ್ ಮನುಷ್ಯ ಅಲ್ಲ. ಅದು ಒಂದು ಕಂಪ್ಯೂಟರ್. ಕಚೇರಿಯ ಮೇಜಿನ ಮೇಲೆ ಕಾಣುತ್ತದಲ್ಲ, ಅದು ಅಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನಿಮ್ಮ ಪಹಣಿ ಇರುವುದಿಲ್ಲ. ಅದು ಕೇಳುತ್ತದೆ, ಅಷ್ಟೇ. ದೂರದಲ್ಲಿ ಇನ್ನೊಂದು ಕಂಪ್ಯೂಟರ್ ಇದೆ. ಅದು ಹುಡುಕಿ ಕಳಿಸುತ್ತದೆ. ಕಳಿಸುವ ಆ ಕಂಪ್ಯೂಟರಿಗೆ ಸರ್ವರ್ ಅಂತ ಹೆಸರು. ಹೋಟೆಲಿನಲ್ಲಿ ನಾವು ಕೇಳಿದ ತಿಂಡಿ ತಂದುಕೊಡುವವರಿಗೂ ಸರ್ವರ್ ಅನ್ನುತ್ತಾರೆ. ಇದಕ್ಕೂ ಅದೇ ಅರ್ಥ.

ಮೊದಲು ಹೀಗಿರಲಿಲ್ಲ. ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಅವರು ಊರಲ್ಲಿ ಇದ್ದರೆ ಪಹಣಿ ಉಂಟು, ಇಲ್ಲದಿದ್ದರೆ ಇಲ್ಲ. ಕೈ ಬಿಸಿ ಮಾಡಬೇಕಾದ ಕಡೆಗಳೂ ಇದ್ದವು. ಯಾರದೋ ಹೆಸರು ಹೊಡೆದು ಇನ್ಯಾರದೋ ಹೆಸರು ಬರೆದರೂ ನಮಗೆ ತಿಳಿಯುತ್ತಿರಲಿಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಮೊದಮೊದಲು ಅವು ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇದ್ದವು. ಆಮೇಲೆ ಎಲ್ಲವನ್ನೂ ಬೆಂಗಳೂರಿನಲ್ಲಿ ಒಂದೇ ಕಡೆ ಸೇರಿಸಿದರು. ಆ ಜಾಗಕ್ಕೆ ಡೇಟಾ ಸೆಂಟರ್ ಅನ್ನುತ್ತಾರೆ. ಡೇಟಾ ಅಂದರೆ ಮಾಹಿತಿ. ಹಾಗಾಗಿ ಅದನ್ನು ಮಾಹಿತಿಯ ಕಣಜ ಅನ್ನಬಹುದು.

ಆ ಕಣಜದ ಒಳಗೆ ಏನಿರುತ್ತದೆ? ಸಾಲಾಗಿ ಕಬ್ಬಿಣದ ಬೀರುಗಳು. ಬೀರುವಿನ ತುಂಬ ಸರ್ವರ್‌ಗಳು. ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಮೊಬೈಲಿನಲ್ಲಿ ಅರ್ಧ ಗಂಟೆ ಮಾತಾಡಿದರೆ ಕಿವಿ ಬಿಸಿ ಆಗುತ್ತದೆ, ಅಲ್ಲವೇ? ನೂರಾರು ಯಂತ್ರಗಳು ಒಂದೇ ಕೋಣೆಯಲ್ಲಿ ಓಡಿದರೆ ಹೇಗಿರಬೇಕು! ಅದಕ್ಕೇ ಅಲ್ಲಿ ಸದಾ ತಣ್ಣನೆ ಗಾಳಿ ಬಿಡುತ್ತಾರೆ. ಯಂತ್ರಕ್ಕೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಒಳಗೆ ಇರಬೇಕು. ತಂಪು ನಿಂತರೆ ಸ್ವಲ್ಪ ಹೊತ್ತಿನಲ್ಲೇ ಸರ್ವರ್‌ಗಳು ನಿಂತುಹೋಗುತ್ತವೆ.

ಕರೆಂಟ್ ಹೋದರೆ? ಒಳ್ಳೆಯ ಡೇಟಾ ಸೆಂಟರಿಗೆ ಕರೆಂಟ್ ಎರಡು ದಾರಿಯಲ್ಲಿ ಬರುತ್ತದೆ. ಕರೆಂಟ್ ಪೂರ್ತಿ ಹೋದರೆ ಆ ಕ್ಷಣವೇ ಬ್ಯಾಟರಿ ಹಿಡಿದುಕೊಳ್ಳುತ್ತದೆ. ಬ್ಯಾಟರಿ ಬಹಳ ಹೊತ್ತು ಇರಬೇಕಿಲ್ಲ. ಡೀಸೆಲ್ ಜನರೇಟರ್ ಶುರುವಾಗುವ ತನಕ ಇದ್ದರೆ ಸಾಕು. ಮಾಹಿತಿ ಹೋಗಿ ಬರುವ ತಂತಿಯೂ ಎರಡು. ಒಂದು ಈ ಬೀದಿಯಿಂದ, ಇನ್ನೊಂದು ಆ ಬೀದಿಯಿಂದ. ಒಂದನ್ನು ಯಾರಾದರೂ ಅಗೆದು ಹಾಕಿದರೂ ಇನ್ನೊಂದು ನಡೆಯುತ್ತದೆ. ಡೇಟಾ ಸೆಂಟರ್‌ಗಳಿಗೆ ನಾಲ್ಕು ದರ್ಜೆ ಇವೆ. ಮೂರನೇ ದರ್ಜೆಯ ಸೆಂಟರ್ ವರ್ಷಕ್ಕೆ ಸುಮಾರು 95 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು ಎಂಬುದು ಲೆಕ್ಕ. ದಿನಕ್ಕಲ್ಲ, ವರ್ಷಕ್ಕೆ!

ಇಷ್ಟೆಲ್ಲ ಇದ್ದರೂ ಸಾಲದು. ಬೀಜದ ರಾಗಿಯನ್ನೆಲ್ಲ ಒಂದೇ ಕಡೆ ಇಟ್ಟು, ಅಲ್ಲಿಗೆ ಬೆಂಕಿ ಬಿದ್ದರೆ ಏನು ಗತಿ? ದಕ್ಷಿಣ ಕೊರಿಯಾ ದೇಶದಲ್ಲಿ ಹಾಗೇ ಆಯಿತು. ಅಲ್ಲಿ ತೇಜಾನ್ ಎಂಬ ಊರಿದೆ. ಸರ್ಕಾರದ ದೊಡ್ಡ ಡೇಟಾ ಸೆಂಟರ್ ಅಲ್ಲಿದೆ. 2025ರ ಸೆಪ್ಟೆಂಬರ್ 26ರ ರಾತ್ರಿ ಅಲ್ಲಿ ಬೆಂಕಿ ಹತ್ತಿತು. ಹತ್ತಿದ್ದು ಎಲ್ಲಿಂದ ಗೊತ್ತೇ? ಬ್ಯಾಟರಿಯಿಂದ. ಕರೆಂಟ್ ಹೋದಾಗ ಕಾಪಾಡಲಿ ಅಂತ ಇಟ್ಟಿದ್ದ ಬ್ಯಾಟರಿಯಿಂದಲೇ. ಅದನ್ನು ಬೇರೆ ಕಡೆಗೆ ಸಾಗಿಸುವ ಕೆಲಸ ನಡೆದಿತ್ತು. ಸರ್ಕಾರದ 600ಕ್ಕೂ ಹೆಚ್ಚು ಸೇವೆಗಳು ನಿಂತವು. ಅಂಚೆ ಕಚೇರಿಯ ಹಣದ ವ್ಯವಹಾರ ನಿಂತಿತು. ಅವರ ಸುಗ್ಗಿ ಹಬ್ಬ ಹತ್ತಿರ ಬಂದಿತ್ತು. ಊರೂರಿಗೆ ಪಾರ್ಸಲ್ ಕಳಿಸುವ ಕಾಲ ಅದು.

ನಿಂತಿದ್ದನ್ನು ಮತ್ತೆ ನಡೆಸಬಹುದು. ಸುಟ್ಟುಹೋಗಿದ್ದನ್ನು? ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ಕಣಜ ಪೂರ್ತಿ ಸುಟ್ಟಿತು. ಅದರ ನಕಲು ಬೇರೆಲ್ಲೂ ಇರಲಿಲ್ಲ. ಲಕ್ಷಕ್ಕೂ ಹೆಚ್ಚು ನೌಕರರು ಅಲ್ಲಿ ಇಟ್ಟ ಕಡತಗಳು ಹೋದವು. ಕಂಪ್ಯೂಟರ್ ವಿದ್ಯೆಯಲ್ಲಿ ಅಷ್ಟು ಮುಂದುವರಿದ ದೇಶದಲ್ಲೇ ಹೀಗಾಯಿತು. ನಕಲು ಇನ್ನೊಂದು ಊರಲ್ಲಿ ಇರಬೇಕು, ಅದೂ ದೂರದ ಊರಲ್ಲಿ. ನಮ್ಮ ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರ ಅಂತ ದೂರ ದೂರದಲ್ಲಿ ಡೇಟಾ ಸೆಂಟರ್ ಕಟ್ಟಿರುವುದು ಸುಮ್ಮನೆ ಅಲ್ಲ. ಭೂಕಂಪವೋ ಪ್ರವಾಹವೋ ಎಲ್ಲ ಊರಿಗೂ ಒಂದೇ ದಿನ ಬರುವುದಿಲ್ಲವಲ್ಲ.

ಇಷ್ಟು ಹೇಳಿದ ಮೇಲೆ ಆ ಅಕ್ಕ ಕೇಳಿದರು: "ಅಷ್ಟೊಂದು ಜೋಪಾನ ಮಾಡಿದರೆ ಎರಡು ದಿನ ಸರ್ವರ್ ಇಲ್ಲ ಅಂತಾರಲ್ಲ, ಯಾಕೆ?"

ಯಾಕೆಂದರೆ ಬಹಳ ಸಲ ಸರ್ವರ್ ಇರುತ್ತದೆ. ದಾರಿ ಇರುವುದಿಲ್ಲ!

ಬೆಂಗಳೂರಿಗೂ ನಮ್ಮೂರಿಗೂ ನಡುವೆ ಗಾಜಿನ ಎಳೆಯ ತಂತಿ ಇದೆ. ಎಳೆ ತಲೆಗೂದಲಿನಷ್ಟು ಸಣ್ಣ. ಅದರಲ್ಲಿ ಮಾಹಿತಿ ಬೆಳಕಾಗಿ ಹರಿಯುತ್ತದೆ. ತಂತಿಯನ್ನು ರಸ್ತೆ ಬದಿಯಲ್ಲಿ ಹೂತಿರುತ್ತಾರೆ. ನೀರಿನ ಪೈಪಿಗೆ ಅಂತ ಜೆಸಿಬಿ ಬರುತ್ತದೆ. ಒಂದು ಬಾಚು ಬಾಚಿದರೆ ತಂತಿ ತುಂಡು. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಹೀಗೆ ತಂತಿ ತುಂಡಾಗುತ್ತದೆ, 3,000 ಕೋಟಿ ರೂಪಾಯಿ ನಷ್ಟ ಆಗುತ್ತದೆ ಎಂದು ಸರ್ಕಾರವೇ ಹೇಳಿತ್ತು. ಅಗೆಯುವ ಮುಂಚೆ ತಂತಿಯವರಿಗೆ ತಿಳಿಸಲಿ ಅಂತ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ತಂದರು. ಹೆಸರಿನ ಅರ್ಥ 'ಅಗೆಯುವ ಮುಂಚೆ ಫೋನ್ ಮಾಡಿ' ಅಂತ. ನಮ್ಮ ಕಡೆ ಅಗೆಯುವವರು ಅದನ್ನು ಬಳಸಿದ್ದನ್ನು ನಾವಂತೂ ಕಂಡಿಲ್ಲ.

ಡೇಟಾ ಸೆಂಟರಿಗೆ ಎರಡು ದಾರಿ. ಎಷ್ಟೋ ಹಳ್ಳಿಗಳಿಗೆ ಒಂದೇ ದಾರಿ. ಅದು ತುಂಡಾದರೆ ಹೊಲಿಯುವವರು ಬರುವ ತನಕ ಕಾಯಬೇಕು. ಇದು ನಮಗೆ ಸರಿ ಕಾಣುವುದಿಲ್ಲ. ಗ್ರಾಮಸಭೆಯಲ್ಲಿ ನೀರು, ದೀಪ ಕೇಳುತ್ತೇವೆ. ಇದನ್ನೂ ಕೇಳಬಹುದು.

ಇನ್ನು 'ಸರ್ವರ್ ಇಲ್ಲ' ಅಂದಾಗ ಏನು ಮಾಡುವುದು? ಮೆತ್ತಗೆ ಕೇಳಿ: "ಯಾಕಪ್ಪ ಇಲ್ಲ? ಇಲ್ಲಿ ಕರೆಂಟ್ ಇಲ್ಲವಾ? ನೆಟ್‌ವರ್ಕ್ ತಂತಿ ಹೋಗಿದೆಯಾ? ಇಲ್ಲ ಬೆಂಗಳೂರಿನಲ್ಲೇ ನಿಂತಿದೆಯಾ?" ಮೂರಕ್ಕೂ ಬೇರೆ ಬೇರೆ ದಾರಿ. ಕರೆಂಟ್ ಇಲ್ಲದಿದ್ದರೆ ಸ್ವಲ್ಪ ಕಾಯಬಹುದು. ತಂತಿ ಹೋಗಿದ್ದರೆ ಅಲ್ಲಿ ಕೂತು ಫಲವಿಲ್ಲ. ಪಹಣಿ ಒಂದೇ ಕಡೆ ಸಿಗುವುದಲ್ಲ. ನಾಡಕಚೇರಿ, ಗ್ರಾಮ ಒನ್, ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರ, ತಾಲ್ಲೂಕು ಕಚೇರಿ, ಎಲ್ಲಿ ತಂತಿ ಸರಿ ಇದೆಯೋ ಅಲ್ಲಿಗೆ ಹೋಗಬಹುದು. ಬೆಂಗಳೂರಿನಲ್ಲೇ ನಿಂತಿದ್ದರೆ ಯಾವ ಊರಿಗೆ ಹೋದರೂ ಸಿಗದು. ಅವತ್ತು ಅಲೆಯಬೇಡಿ, ಕೂಲಿಗೆ ಹೋಗಿ. ಮಾರನೆ ದಿನ ಫೋನಿನಲ್ಲಿ ವಿಚಾರಿಸಿ ಹೊರಡಿ. ಅರ್ಜಿಯ ಕೊನೆಯ ದಿನವೂ ಹೋಗಬೇಡಿ. ಜಾತ್ರೆ ದಿನ ದೇವಸ್ಥಾನದ ಬಾಗಿಲು ನೋಡಿದ್ದೀರಲ್ಲ. ಎಲ್ಲರೂ ಒಟ್ಟಿಗೆ ಕೇಳಿದರೆ ಸರ್ವರಿಗೂ ಉಸಿರು ಕಟ್ಟುತ್ತದೆ.

ಕೆಲವು ಸಲ ಕರೆಂಟೂ ಇರುತ್ತದೆ, ತಂತಿಯೂ ಇರುತ್ತದೆ. ಕೂತಿರುವವರಿಗೆ ಮನಸ್ಸು ಇರುವುದಿಲ್ಲ. ಅದೂ ನೀವು ಕೇಳಿದರೆ ಗೊತ್ತಾಗುತ್ತದೆ.

ಅಕ್ಕ ಮಾರನೆ ದಿನ ಮತ್ತೆ ಹೋದರು. ಹುಡುಗ ತಲೆ ಎತ್ತದೆ "ಸರ್ವರ್ ಇಲ್ಲ" ಅಂದ. ಅಕ್ಕ ಕೇಳಿದರು: "ಕರೆಂಟಾ, ತಂತಿಯಾ, ಬೆಂಗಳೂರಾ?" ಹುಡುಗ ಈಗ ತಲೆ ಎತ್ತಿದ. "ತಂತಿ ಅಕ್ಕ. ಸೇತುವೆ ಹತ್ತಿರ ಅಗೆದಿದ್ದಾರೆ. ಇನ್ನೂ ಎರಡು ದಿನ ಆಗುತ್ತೆ," ಅಂದ. ಅಕ್ಕ ಅಲ್ಲಿ ಕೂರಲಿಲ್ಲ. ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಪಹಣಿ ಕೈಯಲ್ಲಿತ್ತು.

ಸಂಜೆ ಅದನ್ನು ಕೇಂದ್ರಕ್ಕೆ ತಂದರು. ಬೆರಳಿಟ್ಟು ಓದಿದರು. ಸರ್ವೆ ನಂಬರ್ ಓದಿದರು. ಎಕರೆ, ಗುಂಟೆ ಓದಿದರು. ಒಂಬತ್ತನೇ ಕಾಲಮ್ಮಿಗೆ ಬಂದು ನಿಂತರು. ಅಲ್ಲಿ ಅವರ ಹೆಸರಿದೆ. ಎರಡು ಸಲ ಓದಿದರು.

"ಟೀಚರ್, ಇಲ್ಲಿ ಒಂದು ಒತ್ತು ಬಿಟ್ಟಿದ್ದಾರೆ," ಅಂದರು.

ನಾವೂ ನೋಡಿದೆವು. ಹೌದು, ಬಿಟ್ಟಿತ್ತು. ತಿದ್ದುಪಡಿಗೆ ಅರ್ಜಿ ಕೊಡಬೇಕು. ಅರ್ಜಿಯನ್ನು ತಾವೇ ಬರೆಯುತ್ತಾರಂತೆ. ಸೋಮವಾರ ಹೋಗುತ್ತಾರೆ, ಫೋನ್ ಮಾಡಿ ಕೇಳಿಕೊಂಡು.