ಡೊಂಕು ಹಲಗೆಗೆ ನೇರ ಅಂಚು

ರೇಡಿಯೋ ಇಡಲೆಂದು ಗೋಡೆಗೊಂದು ಹಲಗೆ ಹೊಂದಿಸಹೊರಟು, ಹಿರಿಯರ ಕಾಲದ ಹಲಸಿನ ಹಲಗೆಯೊಂದನ್ನು ನಾನು ಕೆಡಿಸಿದೆನು. ಎರಡು ಅಂಚೂ ಡೊಂಕು. ಒಂದರಿಂದ ಅಳೆದು ಇನ್ನೊಂದನ್ನು ಕೊಯ್ದೆ. ಅದೇ ಡೊಂಕು ಇತ್ತಲೂ ಮೂಡಿತು. ತಿದ್ದುತ್ತ ತಿದ್ದುತ್ತ ರೇಡಿಯೋ ಕೂರುವಷ್ಟು ಅಗಲವೂ ಉಳಿಯಲಿಲ್ಲ.

ಆದುದರಿಂದ ವಾಚಕರೇ, ಅಳತೆಗೆ ಹಲಗೆಯ ಅಂಚನ್ನು ನಂಬದೆ ದಾರವನ್ನು ಹಿಡಿಯಿರಿ. ಕಾವಿ ಬಳಿದ ದಾರವನ್ನು ಎರಡು ತುದಿಗೂ ಬಿಗಿದು, ನಡುವೆ ನೆಟ್ಟಗೆ ಮೇಲೆತ್ತಿ ಬಿಟ್ಟರೆ ಸರಳರೇಖೆ ಮೂಡುತ್ತದೆ. ಓರೆಯಾಗಿ ಎಳೆದಿರೋ, ಗೆರೆಯೂ ಕೆಟ್ಟಿತು. (ಸಂಸ್ಕೃತದಲ್ಲಿ ಸೂತ್ರಧಾರನೆಂದರೆ ನಾಟಕದವನಷ್ಟೇ ಅಲ್ಲ, ಬಡಗಿಯೂ ಹೌದು.) ಹಲಗೆ ಅಲುಗಾಡಿದರೆ ಅಡಿಗೆ ಚಕ್ಕೆ ಕೊಟ್ಟು, ಗೆರೆ ಉಳಿಯುವಂತೆ ಅದರ ಹೊರಮಗ್ಗುಲಲ್ಲಿ ಗರಗಸ ಆಡಿಸಿರಿ.

ಮಿಕ್ಕುದು ಕೀಸುಳಿಯ ಕೆಲಸ. ಆರಂಭದಲ್ಲಿ ಕೈಭಾರ ಕೀಸುಳಿಯ ಮುಂದಿನ ತುದಿಯ ಮೇಲಿರಲಿ, ಮುಗಿಸುವಾಗ ಹಿಂದಿನದರ ಮೇಲೆ. ಇಲ್ಲವಾದರೆ ಹಲಗೆಯ ಕೊನೆಗಳು ಇಳಿಜಾರಾಗುತ್ತವೆ. ಎರಡು ಹಲಗೆ ಕೂಡಿಸುವುದಾದರೆ ಮುಚ್ಚಿದ ಪುಸ್ತಕದಂತೆ ಜೋಡಿಸಿ, ಬಿಗಿದು, ಎರಡು ಅಂಚನ್ನೂ ಒಟ್ಟಿಗೆ ಕೀಸಿರಿ. ಕೈ ವಾಲಿ ಒಂದರ ಅಂಚು 91 ಡಿಗ್ರಿಯಾದರೆ ಇನ್ನೊಂದರದು 89; ತೆರೆದು ಕೂಡಿಸಿದಾಗ 180 ಆಗಿ ಮೇಲ್ಮೈ ಸಮನಾಗುತ್ತದೆ. ಉದ್ದದ ಡೊಂಕು ಮಾತ್ರ ಹೀಗೆ ಅಡಗದು, ಇಮ್ಮಡಿಯಾಗಿ ತೋರುತ್ತದೆ. ಕೂಡಿಸಿದ ಹಲಗೆಗಳನ್ನು ದೀಪಕ್ಕೆ ಹಿಡಿದು ನೋಡಿ. ಬೆಳಕು ನುಸುಳುವ ಎಡೆಯನ್ನು ಮುಟ್ಟದೆ, ತಾಗುವ ಉಬ್ಬನ್ನಷ್ಟೇ ಕೀಸಿರಿ.